ಹೆಬ್ಬೆಟ್ಟು ಒತ್ತಿದ ಕಾಗದ ಓದುವವರು ಯಾರು?

(ಹಾಸ್ಟೆಲ್ ವಿದ್ಯಾರ್ಥಿಗಳ ಶಿಬಿರದಲ್ಲಿ ಎರಡನೇ ದಿನ ಆಡಿದ ಮಾತಿನ ಬರಹ ರೂಪ)

ನಿನ್ನೆಯಿಂದ ನೀವು ಜಾತಿ, ವರ್ಗ, ಮೀಸಲಾತಿ ಅಂತ ದೊಡ್ಡ ದೊಡ್ಡ ವಿಷಯಗಳನ್ನು ಕೇಳಿದ್ದೀರಿ. ನಾನು ಹೇಳೋಕೆ ಬಂದಿರೋದು ಒಂದು ಸಣ್ಣ ವಿಷಯ. ಒಂದು ಆಫೀಸಿನ ವಿಷಯ. ಪ್ರತಿ ತಾಲ್ಲೂಕು ಊರಿನಲ್ಲೂ ಸಬ್ ರಿಜಿಸ್ಟ್ರಾರ್ ಕಚೇರಿ ಅಂತ ಒಂದಿದೆ. ಅದರ ಸುತ್ತಮುತ್ತ ಪತ್ರ ಬರಹಗಾರರು ಕೂತಿರ್ತಾರೆ. ಅಲ್ಲೇ ಒಂದು ಟೀ ಅಂಗಡಿ, ಒಂದು ಜೆರಾಕ್ಸ್ ಅಂಗಡಿ. ನಿಮ್ಮಲ್ಲಿ ಎಷ್ಟು ಜನ ಆ ಕಚೇರಿಯ ಒಳಗೆ ಹೋಗಿದ್ದೀರಿ? ಕೈ ಎತ್ತಿ ನೋಡೋಣ.

ಮೂರು ಕೈ. ಇಷ್ಟು ಜನರಲ್ಲಿ ಮೂರು ಕೈ.

ನೀವು ಹೋಗಿಲ್ಲ. ಆದರೆ ನಿಮ್ಮ ಅಪ್ಪ ಹೋಗಿರಬಹುದು, ನಿಮ್ಮ ತಾತ ಹೋಗಿರಬಹುದು. ನಮ್ಮ ಕೇರಿಗಳಿಂದ ಆ ಕಚೇರಿಗೆ ಹೋದವರಲ್ಲಿ ಭೂಮಿ ತಗೊಂಡು ಬಂದವರಿಗಿಂತ ಕೊಟ್ಟು ಬಂದವರೇ ಹೆಚ್ಚು. ಎಷ್ಟೋ ಜನಕ್ಕೆ ತಾವು ಕೊಟ್ಟು ಬಂದಿದ್ದೀವಿ ಅನ್ನೋದೂ ಗೊತ್ತಿರಲಿಲ್ಲ. ನಮ್ಮಪ್ಪನಿಗೂ ಗೊತ್ತಿರಲಿಲ್ಲ. ಅಲ್ಲಿಂದಲೇ ಶುರು ಮಾಡ್ತೀನಿ.

ನಮ್ಮ ತಾತನಿಗೆ 1954ರಲ್ಲಿ ಸರ್ಕಾರ ದರಖಾಸ್ತಿನಲ್ಲಿ ಎರಡು ಎಕರೆ ಹತ್ತು ಗುಂಟೆ ಜಮೀನು ಮಂಜೂರು ಮಾಡಿತ್ತು. ಕಲ್ಲು ಭೂಮಿ. ಮನೆಮಂದಿಯೆಲ್ಲ ಕಲ್ಲು ಆಯ್ದು ಬದುವಿಗೆ ಹಾಕಿ ರಾಗಿ ಬೆಳೆಯೋ ಹೊಲ ಮಾಡಿದರು. 1968ರಲ್ಲಿ ನಮ್ಮ ಸೋದರತ್ತೆ ಮದುವೆ ಬಂತು. ಅಪ್ಪ ಊರಿನ ಸಾಹುಕಾರರ ಹತ್ತಿರ ನಾನೂರು ರೂಪಾಯಿ ಕೇಳಿದ. ಅವರು ಅಂದರು: 'ಜಮೀನು ಭೋಗ್ಯಕ್ಕೆ ಬರ್ಕೊಡ್ಲಾ, ದುಡ್ಡು ಕೊಟ್ಟ ದಿವಸ ಬಿಡಿಸ್ಕೊ.' ಭೋಗ್ಯ ಅಂದರೆ ನಿಮಗೆ ಗೊತ್ತು. ಸಾಲ ತೀರುವವರೆಗೆ ಅವರು ಉಣ್ಣೋದು, ತೀರಿದ ಮೇಲೆ ನಮ್ಮ ಹೊಲ ನಮಗೆ. ಅಪ್ಪ ಒಪ್ಪಿದ.

ಎತ್ತಿನ ಗಾಡಿಯಲ್ಲಿ ಕೂರಿಸಿಕೊಂಡು ತಾಲ್ಲೂಕಿಗೆ ಕರೆದುಕೊಂಡು ಹೋದರಂತೆ. ಹೋಟೆಲಿನಲ್ಲಿ ತಿಂಡಿ ಕೊಡಿಸಿದರಂತೆ, ಹೊರಗಡೆ ಕೂರಿಸಿ. ಛಾಪಾ ಕಾಗದದಲ್ಲಿ ಬರಹಗಾರರು ಆಗಲೇ ಬರೆದಿಟ್ಟಿದ್ದರು. ಒಳಗೆ ಕರೆದರು. ಅಧಿಕಾರಿ ಕೇಳಿದ್ದು ಇಷ್ಟು: 'ಈ ಪತ್ರ ನೀನೇ ಬರೆಸಿಕೊಟ್ಟಿದ್ದು ನಿಜ ತಾನೆ? ದುಡ್ಡು ಬಂತಾ?' ಅಪ್ಪ ಅಂದ: 'ನಿಜ ಬುದ್ಧಿ, ಬಂತು ಬುದ್ಧಿ.' ಹೆಬ್ಬೆಟ್ಟು ಒತ್ತಿಸಿಕೊಂಡರು. ಕಾಗದದ ಮೇಲೊಂದು, ಪುಸ್ತಕದಲ್ಲೊಂದು. ಸಂಜೆ ಊರಿಗೆ ಬಂದ. ಬೆರಳಿನ ಮಸಿ ಎರಡು ದಿವಸ ಹೋಗಲಿಲ್ಲ ಅಂತ ಅವ್ವ ಹೇಳೋಳು.

ಆರು ವರ್ಷ ಆದ ಮೇಲೆ ಅಪ್ಪ ನಾನೂರು ರೂಪಾಯಿ ಹೊಂದಿಸಿಕೊಂಡು ಹೋದ. ಸಾಹುಕಾರರು ನಕ್ಕರು. 'ಯಾವ ಜಮೀನ್ಲಾ? ಮಾರಿ ಆರು ವರ್ಷ ಆಯ್ತಲ್ಲೋ' ಅಂದರು.

ಕಾಗದದಲ್ಲಿ ಇದ್ದದ್ದು 'ಶುದ್ಧ ಕ್ರಯಪತ್ರ'. ಭೋಗ್ಯ ಅನ್ನೋ ಪದ ಇಡೀ ಕಾಗದದಲ್ಲಿ ಎಲ್ಲೂ ಇರಲಿಲ್ಲ. ನಮ್ಮಪ್ಪ ಸುಳ್ಳು ಹೇಳಿರಲಿಲ್ಲ. ಅಧಿಕಾರಿಯೂ ಕೇಳಬೇಕಾದ್ದನ್ನು ಕೇಳಿದ್ದ. ಕಾನೂನಿನ ಪ್ರಕಾರ ಎಲ್ಲವೂ ಸರಿಯಾಗೇ ಇತ್ತು. ಇಲ್ಲದೇ ಇದ್ದದ್ದು ಒಂದೇ. ಆ ಕಾಗದವನ್ನು ನಮ್ಮ ಪರವಾಗಿ ಓದುವ ಒಬ್ಬ ಮನುಷ್ಯ.

ಈಗ ಆ ಕಚೇರಿ ಏನು ಮಾಡುತ್ತೆ, ಏನು ಮಾಡಲ್ಲ ಅಂತ ತಿಳಿದುಕೊಳ್ಳೋಣ.

1908ರ ನೋಂದಣಿ ಕಾಯಿದೆ ಇವತ್ತಿಗೂ ನಡೀತಾ ಇದೆ. ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಬೆಲೆಯ ಜಮೀನಾಗಲಿ, ಮನೆಯಾಗಲಿ ಮಾರಿದರೆ ಪತ್ರ ನೋಂದಣಿ ಆಗಲೇಬೇಕು. ದಾನಪತ್ರಕ್ಕೂ ನೋಂದಣಿ ಬೇಕೇ ಬೇಕು. ಬರೆದು ಸಹಿ ಹಾಕಿದ ನಾಲ್ಕು ತಿಂಗಳ ಒಳಗೆ ಕಚೇರಿಗೆ ಹಾಜರು ಮಾಡಬೇಕು. ತಪ್ಪಿಸಲಾಗದ ಕಾರಣ ಇದ್ದರೆ ದಂಡ ಕಟ್ಟಿ ಇನ್ನೂ ನಾಲ್ಕು ತಿಂಗಳು. ಅಲ್ಲಿಗೆ ಮುಗೀತು.

ಸಬ್ ರಿಜಿಸ್ಟ್ರಾರ್ ನೋಡೋದು ಏನು? ಬಂದವನು ಅವನೇನಾ, ಪತ್ರ ಬರೆದುಕೊಟ್ಟಿದ್ದು ಒಪ್ಪಿಕೊಳ್ತಾನಾ, ಛಾಪಾ ಶುಲ್ಕ ಸರಿಯಾಗಿದೆಯಾ. ಮಾರುವವನಿಗೆ ಆ ಜಮೀನಿನ ಮೇಲೆ ನಿಜವಾದ ಹಕ್ಕು ಇದೆಯಾ ಅಂತ ತೀರ್ಮಾನ ಮಾಡೋದು ಅವರ ಕೆಲಸ ಅಲ್ಲ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. 'ರಿಜಿಸ್ಟ್ರಿ ಆಗಿದೆ ಕಣಪ್ಪ, ಇನ್ನೇನು ಭಯ' ಅಂತಾರೆ ಜನ. ರಿಜಿಸ್ಟ್ರಿ ಆಗದ ಕ್ರಯ ಕ್ರಯವೇ ಅಲ್ಲ, ನಿಜ. ಆದರೆ ರಿಜಿಸ್ಟ್ರಿ ಆದದ್ದೆಲ್ಲ ನ್ಯಾಯದ ಕ್ರಯವೂ ಅಲ್ಲ.

ಮೊದಲನೇ ಮಾತಿಗೂ ನಮ್ಮ ಕೇರಿಯಲ್ಲೇ ಒಂದು ಉದಾಹರಣೆ ಇದೆ. ನಮ್ಮ ಪಕ್ಕದ ಮನೆ ದೊಡ್ಡಪ್ಪ, ವರಸೆಯಲ್ಲಿ ದೊಡ್ಡಪ್ಪ, ಬೆಂಗಳೂರಿನಲ್ಲಿ ಕಲ್ಲು ಹೊತ್ತು ದುಡಿದು ಅರ್ಧ ಎಕರೆ ಕೊಂಡ. ಪೂರಾ ದುಡ್ಡು ಕೊಟ್ಟ. ರಿಜಿಸ್ಟ್ರಿಗೆ ಖರ್ಚು ಯಾಕೆ ಅಂತ ಒಂದು ಛಾಪಾ ಕಾಗದದ ಮೇಲೆ ಬರೆಸಿ, ಐದು ಜನ ಪಂಚರ ಸಹಿ ಹಾಕಿಸಿ, ಆ ಕಾಗದವನ್ನು ತಗಡಿನ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ಇಟ್ಟ. ಹನ್ನೊಂದು ವರ್ಷ ಉತ್ತ. ಮಾರಿದವನು ಸತ್ತ. ಅವನ ಮಕ್ಕಳು ಅದೇ ಜಮೀನನ್ನು ಬೇರೆಯವರಿಗೆ ರಿಜಿಸ್ಟರ್ ಮಾಡಿಕೊಟ್ಟರು. ದೊಡ್ಡಪ್ಪ ಪೆಟ್ಟಿಗೆಯಿಂದ ಕಾಗದ ತೆಗೆದು ವಕೀಲರ ಮುಂದೆ ಇಟ್ಟ. ವಕೀಲರು ಓದಿ ಮಡಿಸಿ ವಾಪಸ್ ಕೊಟ್ಟರು. 'ಇದು ಕ್ರಯ ಅಲ್ಲ ಅಜ್ಜ' ಅಂದರು. ಕೇಸು ನಡೀತು, ಸೋತ. ಐದು ಜನ ಪಂಚರಲ್ಲಿ ಇಬ್ಬರು ಸತ್ತಿದ್ದರು, ಮಿಕ್ಕವರು ಬರಲಿಲ್ಲ.

ನೋಡಿ, ಇಬ್ಬರ ಕತೆಯೂ ಒಂದೇ. ಒಬ್ಬ ರಿಜಿಸ್ಟ್ರಿ ಮಾಡಿ ಕಳಕೊಂಡ. ಇನ್ನೊಬ್ಬ ಮಾಡದೆ ಕಳಕೊಂಡ. ಇಬ್ಬರೂ ಕಾಗದವನ್ನು ನಂಬಿದರು. ಇಬ್ಬರಿಗೂ ಕಾಗದ ಓದೋಕೆ ಬರ್ತಿರಲಿಲ್ಲ. ಇವತ್ತಿಗೂ ಜಿ.ಪಿ.ಎ. ಅಂತ, ಅಗ್ರಿಮೆಂಟು ಅಂತ ಬರೆಸಿಕೊಂಡು ಸೈಟು ಕೊಂಡೆ ಅಂತ ಸಂತೋಷ ಪಡೋರು ಇದ್ದಾರೆ. ಹಾಗೆ ಕೊಂಡದ್ದರಿಂದ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟು 2011ರಲ್ಲಿ ಬಿಡಿಸಿ ಹೇಳಿದೆ.

ಮತ್ತೆ ನಮ್ಮ ಹೊಲಕ್ಕೆ ಬರ್ತೀನಿ. ನಾನು ಆಗ ಹಾಸ್ಟೆಲಿನಲ್ಲಿದ್ದೆ, ಪಿ.ಯು.ಸಿ. ಇಂಥದ್ದೇ ಒಂದು ಸಭೆಯಲ್ಲಿ ಒಬ್ಬರು ಹೊಸ ಕಾಯಿದೆ ಬಂದಿದೆ ಅಂತ ಹೇಳಿದರು. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಕೆಲವು ಜಮೀನುಗಳ ಪರಭಾರೆ ನಿಷೇಧ ಕಾಯಿದೆ, 1978. ಜಾರಿಗೆ ಬಂದದ್ದು 1979ರ ಜನವರಿ 1. ಜನ ಪಿ.ಟಿ.ಸಿ.ಎಲ್. ಅಂತಾರೆ. ಅದರ ತಿರುಳು ಇಷ್ಟು. ಸರ್ಕಾರ ನಮಗೆ ಮಂಜೂರು ಮಾಡಿದ ಜಮೀನನ್ನು ಮಂಜೂರಾತಿಯ ಷರತ್ತು ಮುರಿದು ಯಾರಾದರೂ ಬರೆಸಿಕೊಂಡಿದ್ದರೆ, ಅದು ಕಾಯಿದೆ ಬರುವ ಮುಂಚೆ ಆಗಿದ್ದರೂ ಸರಿ, ಆ ಪತ್ರ ಅಸಿಂಧು. ಕಾಯಿದೆ ಬಂದ ಮೇಲೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಅಂಥ ಜಮೀನು ಪರಭಾರೆ ಮಾಡುವ ಹಾಗೇ ಇಲ್ಲ. ಉಪವಿಭಾಗದ ಎ.ಸಿ. ವಿಚಾರಣೆ ಮಾಡಿ, ಬಿಡಿಸಿ, ಮಂಜೂರಾದವನಿಗೆ ಅಥವಾ ಅವನ ವಾರಸುದಾರರಿಗೆ ಕೊಡಬೇಕು. ಆರನೇ ಕಲಮಿನಲ್ಲಿ ಸಬ್ ರಿಜಿಸ್ಟ್ರಾರ್‌ಗೂ ಕಟ್ಟು ಹಾಕಿದ್ದಾರೆ. ಸರ್ಕಾರದ ಅನುಮತಿ ಆದೇಶ ಜೊತೆಗೆ ಇಲ್ಲದಿದ್ದರೆ ಇಂಥ ಜಮೀನಿನ ಪತ್ರವನ್ನು ನೋಂದಣಿಗೆ ತಗೊಳ್ಳಲೇ ಕೂಡದು.

ಆದರೆ ಕೇಳೋಕೆ ನನ್ನ ಹತ್ತಿರ ಏನಿತ್ತು? ಅಪ್ಪನ ಬಾಯಿಮಾತು. ಸಭೆಯಲ್ಲಿ ಹೇಳಿದವರೇ ದಾರಿ ತೋರಿಸಿದರು: 'ಮೊದಲು ನಕಲು ತೆಗಿ ತಮ್ಮಾ.'

ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದೆ. ಸ್ಥಿರಾಸ್ತಿಯ ಪತ್ರಗಳನ್ನೆಲ್ಲ ಏರಿಸೋ ದಫ್ತರಕ್ಕೆ ಒಂದನೇ ಪುಸ್ತಕ ಅಂತ ಹೆಸರು. ಶುಲ್ಕ ಕಟ್ಟಿದರೆ ಅದನ್ನು ನೋಡೋಕೆ, ದೃಢೀಕೃತ ನಕಲು ತಗೊಳ್ಳೋಕೆ ಯಾರಿಗಾದರೂ ಹಕ್ಕಿದೆ. ಐವತ್ತೇಳನೇ ಕಲಮು. ಗುಮಾಸ್ತರು ನನ್ನ ಮುಖ ನೋಡಿ 'ನಿಮ್ಮಪ್ಪನ್ನ ಕರ್ಕೊಂಬಾ' ಅಂದರು. ನಾನು ಕಲಮಿನ ನಂಬರು ಹೇಳಿದೆ. ಅವರು ಸುಮ್ಮನೆ ಅರ್ಜಿ ತಗೊಂಡರು. ಗೆಳೆಯರೇ, ಒಂದು ನಂಬರಿಗೆ ಎಷ್ಟು ಶಕ್ತಿ ಇದೆ ಅಂತ ನನಗೆ ಅವತ್ತು ಗೊತ್ತಾಯ್ತು.

ನಕಲು ಬಂತು. ರಾತ್ರಿ ಅಪ್ಪನ ಮುಂದೆ ಕೂತು ಓದಿದೆ. 'ನನ್ನ ಸ್ವಸಂತೋಷದಿಂದ, ಶುದ್ಧ ಕ್ರಯಕ್ಕೆ' ಅಂತ ಓದುವಾಗ ಅಪ್ಪ ಕೈ ಅಡ್ಡ ಹಿಡಿದ. 'ಅದನ್ನ ಇನ್ನೊಂದು ಸಲ ಓದು ಮಗ' ಅಂದ. ಓದಿದೆ. 'ನಾನು ಅಂಗೆ ಹೇಳ್ಲಿಲ್ಲ ಕಣಪ್ಪ' ಅಂದ. ಹನ್ನೆರಡು ವರ್ಷದ ಹಿಂದೆ ಒತ್ತಿದ ಹೆಬ್ಬೆಟ್ಟಿನಲ್ಲಿ ಏನಿತ್ತು ಅಂತ ಅವನು ಮೊದಲ ಸಲ ಕೇಳಿಸಿಕೊಂಡದ್ದು ಅವತ್ತು.

ಆಮೇಲೆ ತಾಲ್ಲೂಕು ಕಚೇರಿ. ದರಖಾಸ್ತು ಕಡತ, ಮಂಜೂರಾತಿ ರಿಜಿಸ್ಟರು, ಸಾಗುವಳಿ ಚೀಟಿ. ನಮ್ಮ ಮನೆಯಲ್ಲಿದ್ದ ಚೀಟಿ ಗೆದ್ದಲು ಹತ್ತಿ ಹೋಗಿತ್ತು. ಕಚೇರಿಯ ನಕಲಿನಲ್ಲಿ ಷರತ್ತು ಉಳಿದಿತ್ತು. ಪರಭಾರೆ ಮಾಡತಕ್ಕದ್ದಲ್ಲ. ಆ ಎರಡು ಪದಕ್ಕೋಸ್ಕರ ನಾನು ಒಂಬತ್ತು ಸಲ ತಾಲ್ಲೂಕಿಗೆ ಹೋಗಿದ್ದೆ.

1980ರಲ್ಲಿ ಎ.ಸಿ. ಮುಂದೆ ಅರ್ಜಿ ಹಾಕಿದೆವು. ಅಷ್ಟರಲ್ಲಿ ಭೂಮಿ ಕೊಂಡವರು ಕಾಯಿದೆಯೇ ಸಂವಿಧಾನಕ್ಕೆ ವಿರುದ್ಧ ಅಂತ ಕೋರ್ಟಿಗೆ ಹೋಗಿದ್ದರು. ಮಂಚೇಗೌಡ ಮತ್ತು ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1984ರಲ್ಲಿ ಕಾಯಿದೆಯನ್ನು ಎತ್ತಿ ಹಿಡಿಯಿತು. ನಮ್ಮ ಆದೇಶ ಬಂದದ್ದು 1986ರಲ್ಲಿ. ರೆವೆನ್ಯೂ ಇನ್‌ಸ್ಪೆಕ್ಟರು ಬಂದು ಮಹಜರು ಮಾಡಿ ಜಮೀನು ಬಿಡಿಸಿ ಕೊಟ್ಟರು. ಅವತ್ತು ಅವ್ವ ಹೊಲದ ಮಣ್ಣು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ನಾವೂ ಮುಗೀತು ಅಂತಲೇ ತಿಳಿದಿದ್ದೆವು. 1994ರಲ್ಲಿ ನಮ್ಮ ಹೊಲದ ಮೇಲಿನ ಸಾಲ ಕಟ್ಟಿಲ್ಲ ಅಂತ ಒಂದು ನೋಟೀಸು ಬಂತು. ನಾವು ಸಾಲವನ್ನೇ ಮಾಡಿರಲಿಲ್ಲ. ಹೋಗಿ ಪಹಣಿ ತೆಗೆಸಿದರೆ ಒಂಬತ್ತನೇ ಕಾಲಮಿನಲ್ಲಿ ಇನ್ನೂ ಸಾಹುಕಾರರ ಹೆಸರು! ಆದೇಶ ನಮ್ಮ ಪೆಟ್ಟಿಗೆಯಲ್ಲಿ, ಹೊಲ ನಮ್ಮ ಕೈಯಲ್ಲಿ, ಹೆಸರು ಅವರದು. ಅವರ ಮಗ ಆ ಪಹಣಿ ತೋರಿಸಿ ಸಾಲ ಎತ್ತಿದ್ದ. ಆದೇಶದ ಪ್ರಕಾರ ಮ್ಯುಟೇಷನ್ ಮಾಡಿಸಬೇಕು ಅಂತ ನಮಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆಗ ನಾನು ನೌಕರಿಯಲ್ಲಿದ್ದೆ, ಓದಿದವನು ಅಂತ ಹೆಸರು ಬೇರೆ. ತಪ್ಪು ನನ್ನದೇ. ಸರಿ ಮಾಡಿಸೋಕೆ ಇನ್ನೆರಡು ವರ್ಷ ಹಿಡಿಯಿತು. ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದ. ಅವನ ಹೆಸರು ಪಹಣಿಯಲ್ಲಿ ಒಂದು ದಿವಸವೂ ಬರಲಿಲ್ಲ.

ಇದು ನಮ್ಮ ನಾಡಿನ ಕತೆ ಮಾತ್ರ ಅಂತ ತಿಳೀಬೇಡಿ. ಅಮೆರಿಕದಲ್ಲಿ ಜಿಲ್ಲೆಯ ಹಾಗೆ ಕೌಂಟಿ ಅಂತ ಇದೆ. ಜಮೀನಿನ ಪತ್ರಗಳನ್ನು ಅಲ್ಲಿ ಸಾಮಾನ್ಯವಾಗಿ ಕೌಂಟಿ ಕಚೇರಿಯಲ್ಲೇ ದಾಖಲು ಮಾಡ್ತಾರೆ. 'ಈ ಮನೆಯನ್ನು ಕರಿಯರಿಗೆ ಮಾರಕೂಡದು' ಅಂತ ಷರತ್ತು ಬರೆದ ಪತ್ರಗಳು ಎಷ್ಟೋ ಊರುಗಳಲ್ಲಿ ಆ ಕಚೇರಿಯ ಪುಸ್ತಕಗಳಿಗೆ ಏರಿದವು. ಅಂಥ ಷರತ್ತನ್ನು ಕೋರ್ಟುಗಳು ಜಾರಿ ಮಾಡಕೂಡದು ಅಂತ ಅಲ್ಲಿನ ಸುಪ್ರೀಂ ಕೋರ್ಟು ಹೇಳಿದ್ದು 1948ರಲ್ಲಿ, ಶೆಲ್ಲಿ ಮತ್ತು ಕ್ರೇಮರ್ ಪ್ರಕರಣದಲ್ಲಿ. ದಕ್ಷಿಣದ ರಾಜ್ಯಗಳಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದವರು ಕಷ್ಟಪಟ್ಟು ಭೂಮಿ ಕೊಂಡರು. ಉಯಿಲು ಬರೆಯದೆ ಸತ್ತರು. ಹೆಸರು ಬದಲಾಗಲಿಲ್ಲ, ವಾರಸುದಾರರು ಹತ್ತಾರು ಜನ ಆದರು. ಹೊರಗಿನವನು ಬಂದು ಒಬ್ಬನ ಪಾಲು ಕೊಂಡು, ಕೋರ್ಟಿಗೆ ಹೋಗಿ, ಇಡೀ ಭೂಮಿಯನ್ನೇ ಹರಾಜು ಹಾಕಿಸಿದ. ಹೀಗೆ ಎಷ್ಟೋ ಕಪ್ಪು ಜನರ ಭೂಮಿ ಹೋಯಿತು. ಅವರ ಅಪ್ಪನೂ ನಮ್ಮ ಅಪ್ಪನೂ ಒಂದೇ ಬೆಂಚಿನ ಮೇಲೆ ಕೂತಿದ್ದರು ಅನ್ನಿ.

ಬಾಬಾಸಾಹೇಬರಿಗೆ ಇದು ಗೊತ್ತಿತ್ತು. 1928ರಲ್ಲೇ ಅವರು ಮುಂಬೈ ಶಾಸನ ಸಭೆಯಲ್ಲಿ ಮಹಾರ್ ವತನದ ಕಾನೂನಿಗೆ ತಿದ್ದುಪಡಿ ಮಸೂದೆ ತಂದರು. ಭೂಮಿ ಯಾರ ಹೆಸರಿನಲ್ಲಿ, ಯಾವ ಷರತ್ತಿನಲ್ಲಿ ಇದೆ ಅನ್ನೋದು ಗುಲಾಮಗಿರಿಯ ಪ್ರಶ್ನೆಯೇ ಅಂತ ಅವರು ನೋಡಿದ್ದರು. ನಮ್ಮಲ್ಲೂ ತೋಟಿ, ತಳವಾರ, ನೀರಗಂಟಿಗಳ ಇನಾಮು ಜಮೀನು ಇತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ಹುದ್ದೆ ತೆಗೆದು ಜಮೀನನ್ನು ಅವರಿಗೇ ಮರುಮಂಜೂರು ಮಾಡಿ ಅಂತು. ನಿಮ್ಮ ಮನೆಯಲ್ಲಿ ಯಾರಾದರೂ ತೋಟಿಕೆ ಮಾಡಿದ್ದರೆ ಆ ಜಮೀನು ಈಗ ಎಲ್ಲಿದೆ ಅಂತ ಕೇಳಿ.

ಈಗ ನೀವು ಮಾಡಬೇಕಾದ ಕೆಲಸ. ಬರೆದುಕೊಳ್ಳಿ.

ಒಂದು. ರಜೆಗೆ ಊರಿಗೆ ಹೋದಾಗ ಮನೆಯ ಪೆಟ್ಟಿಗೆ ತೆಗೆಸಿ. ಸಾಗುವಳಿ ಚೀಟಿ, ಹಕ್ಕುಪತ್ರ, ಹಳೇ ಕಂದಾಯ ರಸೀತಿ, ಏನಿದ್ದರೂ ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ ಬರೆದುಕೊಳ್ಳಿ. ಮನೆಯವರಿಗೆಲ್ಲ ಕೇಳೋ ಹಾಗೆ ಜೋರಾಗಿ ಓದಿ.

ಎರಡು. ಪಹಣಿ ತೆಗೆಸಿ. ಈಗ ಭೂಮಿ ತಂತ್ರಾಂಶದಲ್ಲಿ ಸಿಗುತ್ತೆ. ಒಂಬತ್ತನೇ ಕಾಲಮಿನಲ್ಲಿ ಯಾರ ಹೆಸರು, ಹತ್ತರಲ್ಲಿ ಯಾವ ಮ್ಯುಟೇಷನ್ ನಂಬರು, ಹನ್ನೊಂದರಲ್ಲಿ ಏನು ಸಾಲ, ಹನ್ನೆರಡರಲ್ಲಿ ಉಳುವವರು ಯಾರು ಅಂತ ಬರೆದಿದ್ದಾರೆ ನೋಡಿ. ತಾತ ಸತ್ತು ಇಪ್ಪತ್ತು ವರ್ಷ ಆಗಿ ಇನ್ನೂ ತಾತನ ಹೆಸರೇ ಇದ್ದರೆ ಪೌತಿ ಖಾತೆಗೆ ಅರ್ಜಿ ಹಾಕಿಸಿ. ಅವ್ವನ ಹೆಸರು, ಅಕ್ಕತಂಗಿಯರ ಹೆಸರು ಬಿಡಬೇಡಿ. ನಮ್ಮ ಹೆಣ್ಣುಮಕ್ಕಳ ಕೈಯಲ್ಲಿ ಓದದೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸೋದೂ ಸಾಹುಕಾರನ ಕೆಲಸವೇ, ಮಾಡೋನು ಅಣ್ಣ ಆದರೂ ಸರಿ.

ಮೂರು. ಅನುಮಾನ ಇದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಋಣಭಾರ ಪತ್ರ ತೆಗೆಸಿ, ಜನ ಇ.ಸಿ. ಅನ್ನೋದು. ವಹಿವಾಟು ಆಗಿದ್ದರೆ ಹದಿನೈದನೇ ನಮೂನೆ ಬರುತ್ತೆ, ಆಗಿಲ್ಲದಿದ್ದರೆ ಹದಿನಾರನೇದು. ವಹಿವಾಟು ಇದ್ದರೆ ಆ ಪತ್ರದ ನಕಲು ತೆಗೆಸಿ ಓದಿ.

ನಾಲ್ಕು. ನೀವೇ ಏನಾದರೂ ಕೊಂಡರೆ, ಅದು ಮೂವತ್ತು ನಲವತ್ತರ ಸೈಟೇ ಆಗಲಿ, ರಿಜಿಸ್ಟ್ರಿ ಮಾಡಿಸಿ, ಖಾತೆ ಆಗುವವರೆಗೆ ಹಿಂದೆ ಬೀಳಿ. ರಿಜಿಸ್ಟ್ರಾರ್ ಪತ್ರ ನಿರಾಕರಿಸಿದರೆ ಕಾರಣ ಬರೆದು ಕೊಡಿ ಅಂತ ಕೇಳಿ. ಕಾರಣ ದಾಖಲು ಮಾಡೋದು ಅವರ ಕರ್ತವ್ಯ. ಮೂವತ್ತು ದಿನದ ಒಳಗೆ ಜಿಲ್ಲಾ ರಿಜಿಸ್ಟ್ರಾರ್‌ಗೆ ಅಪೀಲು ಇದೆ.

ಐದು. ಪಿ.ಟಿ.ಸಿ.ಎಲ್. ಅರ್ಜಿಯನ್ನು ತಡ ಮಾಡಬೇಡಿ. ಬಹಳ ವರ್ಷ ಬಿಟ್ಟು ಬಂದರು ಅನ್ನೋ ಕಾರಣಕ್ಕೆ ಸುಪ್ರೀಂ ಕೋರ್ಟು 2017ರಲ್ಲಿ ಒಂದು ಪ್ರಕರಣದಲ್ಲಿ ಪರಿಹಾರ ನಿರಾಕರಿಸಿತು. ಅದನ್ನೇ ಹಿಡಿದು ಎಷ್ಟೋ ಅರ್ಜಿಗಳು ಬಿದ್ದವು. ನಮ್ಮ ಜನ ಹೋರಾಡಿದ ಮೇಲೆ, 2023ರಲ್ಲಿ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ಬಂತು. ಆದರೂ ತಡದ ಪ್ರಶ್ನೆಯನ್ನು ಎದುರು ಪಕ್ಷದವರು ಕೋರ್ಟಿನಲ್ಲಿ ಎತ್ತದೆ ಬಿಡಲ್ಲ. ಇನ್ನೊಂದು, ಈ ಕಾಯಿದೆ ಸರ್ಕಾರ ಮಂಜೂರು ಮಾಡಿದ ಜಮೀನಿಗೆ ಮಾತ್ರ. ಬೇರೆಯವರಿಂದ ದುಡ್ಡು ಕೊಟ್ಟು ಕೊಂಡ ಜಮೀನಿಗೆ ಅನ್ವಯಿಸಲ್ಲ. ಅದನ್ನೂ ಜನಕ್ಕೆ ಬಿಡಿಸಿ ಹೇಳಿ. ಸುಳ್ಳು ಆಸೆ ಹುಟ್ಟಿಸಬೇಡಿ.

ಊಟದ ಹೊತ್ತಿನಲ್ಲಿ ಒಬ್ಬ ಗೆಳೆಯ ಕೇಳಿದ: 'ಸಾರ್, ನಾವು ಓದ್ತಿರೋದೇ ಊರು ಬಿಟ್ಟು ಹೋಗೋಕೆ. ಆ ಒಂದೂವರೆ ಎಕರೆ ಇಟ್ಕೊಂಡು ಏನು ಮಾಡೋದು?' ಒಳ್ಳೇ ಪ್ರಶ್ನೆ. ನಾನೂ ಊರು ಬಿಟ್ಟವನೇ. ಆ ಹೊಲದಿಂದ ನಾನು ಶ್ರೀಮಂತ ಆಗಲಿಲ್ಲ. ಆದರೆ ಹೊಲ ಹೋದ ಮೇಲೆ ಅಪ್ಪ ಅದೇ ಹೊಲದಲ್ಲಿ ಸಾಹುಕಾರರ ಕೂಲಿಯಾಗಿ ಕಳೆ ಕಿತ್ತದ್ದನ್ನು ನಾನು ನೋಡಿದ್ದೀನಿ. ಹೊಲ ಬಂದ ಮೇಲೆ ಅವ್ವ ಅವರ ಮನೆ ಕೊಟ್ಟಿಗೆ ಬಾಚೋಕೆ ಹೋಗೋದು ನಿಲ್ಲಿಸಿದಳು. ಕರೆಯೋಕೆ ಬಂದರೆ 'ನಮ್ಮೊಲದಾಗೆ ಕೆಲಸ ಐತೆ' ಅಂದಳು. ಆ ಮಾತು ಹೇಳೋಕೆ ಅವಳಿಗೆ ಹದಿನೆಂಟು ವರ್ಷ ಬೇಕಾಯ್ತು. ಬೇಕಾದರೆ ನೀವು ಊರು ಬಿಡಿ. ಬಿಡುವ ಮುಂಚೆ ಕಾಗದ ಓದಿಟ್ಟು ಹೋಗಿ.

ನಿಮ್ಮ ಕೇರಿಯಲ್ಲಿ ಎಷ್ಟು ಮನೆ ಇದೆ? ನಲವತ್ತು? ಐವತ್ತು? ಒಂದು ನೋಟ್‌ಬುಕ್ ತಗೊಳ್ಳಿ. ಒಂದು ಮನೆಗೆ ಒಂದು ಹಾಳೆ. ಈ ರಜೆಯಲ್ಲಿ ಹತ್ತು ಮನೆ ಆದರೆ ಸಾಕು. ಮುಂದಿನ ಶಿಬಿರಕ್ಕೆ ಆ ನೋಟ್‌ಬುಕ್ ತಗೊಂಡು ಬನ್ನಿ. ಅವತ್ತು ನಾನು ಭಾಷಣ ಮಾಡಲ್ಲ, ಕೂತು ನಿಮ್ಮ ಹಾಳೆಗಳನ್ನು ಓದ್ತೀನಿ. ಆಗ ಮತ್ತೆ ಕೇಳ್ತೀನಿ, ಆ ಕಚೇರಿಯ ಒಳಗೆ ಎಷ್ಟು ಜನ ಹೋಗಿದ್ದೀರಿ ಅಂತ. ಮೂರು ಕೈ ಎತ್ತಿದರೆ ನಾನು ಒಪ್ಪಲ್ಲ.

ಜೈ ಭೀಮ್.